ಸೌತ್ ಮೆಲ್ಬರ್ನ್ ಹೆಲ್ಲಾಸ್ ಕಥೆ ಬರೆದಿಟ್ಟ ಬಗೆ: ನನ್ನ ಅನುಭವ

ನಾನು ಮೆಲ್ಬರ್ನ್‌ನಲ್ಲಿ ನೆಲೆಸಿರುವ ಕನ್ನಡಿಗ. ನಮ್ಮ ಏರಿಯಾದ ಲೈಬ್ರರಿಯಲ್ಲಿ ವಲಸೆ ಬಂದವರ ನೆನಪುಗಳನ್ನು ಬರೆದಿಡುವ ಕೆಲಸ ನಡೆಯುತ್ತದೆ. ಅದರಲ್ಲಿ ನನ್ನ ಪಾಲಿಗೆ ಬಂದದ್ದು ಗ್ರೀಕರು ಕಟ್ಟಿದ ಸಾಕರ್ ಕ್ಲಬ್ಬು, ಸೌತ್ ಮೆಲ್ಬರ್ನ್ ಹೆಲ್ಲಾಸ್ (‘ಹೆಲ್ಲಾಸ್’ ಅಂದರೆ ಗ್ರೀಕರ ಮಾತಿನಲ್ಲಿ ಗ್ರೀಸ್). ಕ್ಲಬ್ಬು, ಸಂಘ, ಹಳೇ ಶಾಲೆ, ಯಾವುದರ ಚರಿತ್ರೆ ಬರೆಯಲು ಕೂತವರಿಗೂ ಉಪಯೋಗವಾಗಬಹುದು ಅಂತ ನಾನು ಮಾಡಿದ ರೀತಿಯನ್ನು ಹೇಳುತ್ತಿದ್ದೇನೆ.

ಮೊದಲು ಪೇಪರು, ಆಮೇಲೆ ಜನ. ಇದು ನಾನು ಹಾಕಿಕೊಂಡ ಕ್ರಮ. ಹಳೇ ಪತ್ರಿಕೆಗಳಿಗೆ ಎಲ್ಲರೂ ಆಸ್ಟ್ರೇಲಿಯಾದ ರಾಷ್ಟ್ರೀಯ ಲೈಬ್ರರಿಯ ಟ್ರೋವ್ ಎಂಬ ವೆಬ್ ತಾಣಕ್ಕೆ ಹೋಗುತ್ತಾರೆ. ಆದರೆ ಮೆಲ್ಬರ್ನಿನ ‘ದಿ ಏಜ್’ ಅಲ್ಲಿ 1954ಕ್ಕೆ ನಿಂತುಬಿಡುತ್ತದೆ. ಈ ಕ್ಲಬ್ಬು ಹುಟ್ಟಿದ್ದು 1959ರಲ್ಲಿ. ಹಾಗಾಗಿ ಸ್ಟೇಟ್ ಲೈಬ್ರರಿಗೆ ಹೋಗಿ ಮೈಕ್ರೋಫಿಲ್ಮ್ (ಹಳೇ ಪತ್ರಿಕೆಯ ಪುಟಗಳನ್ನು ಚಿಕ್ಕದಾಗಿ ತೆಗೆದಿಟ್ಟ ಫಿಲ್ಮ್ ಸುರುಳಿ) ತಿರುಗಿಸುತ್ತಾ ಕೂರದೆ ವಿಧಿಯಿಲ್ಲ. ಗ್ರೀಕರದ್ದೇ ಪತ್ರಿಕೆ ‘ನೆಯೋಸ್ ಕೋಸ್ಮೋಸ್’ 1957ರಿಂದ ಇಲ್ಲೇ ಬರುತ್ತಿದೆ. ಅದನ್ನು ಓದಲು ಗ್ರೀಕ್ ಬಲ್ಲ ಗೆಳೆಯರೊಬ್ಬರು ಪಕ್ಕದಲ್ಲಿ ಕೂತರು.

ಆ ಪುಟಗಳಿಂದ ಮೊದಲು ತಿಳಿಯಾದದ್ದು ಕ್ಲಬ್ಬಿನ ಹುಟ್ಟು. ಮಹಾಯುದ್ಧ, ಅದರ ಬೆನ್ನಿಗೇ ಅಂತರ್ಯುದ್ಧ, ಎರಡೂ ಸೇರಿ ಗ್ರೀಸನ್ನು ಹಿಂಡಿಹಾಕಿದ್ದವು. 1952ರಲ್ಲಿ ಆಸ್ಟ್ರೇಲಿಯಾದ ಜೊತೆ ವಲಸೆ ಒಪ್ಪಂದವಾಯಿತು. ಜನ ಹಡಗು ಹತ್ತಿ ಬಂದರು, ಫ್ಯಾಕ್ಟರಿಗಳಿಗೆ ಸೇರಿದರು. ಹೆಲೆನಿಕ್, ಯಾರಾ ಪಾರ್ಕ್ ಐಯಾಸ್ ಎಂಬ ಎರಡು ಸಣ್ಣ ಗ್ರೀಕ್ ಕ್ಲಬ್ಬುಗಳು ಇದ್ದವು. ಎರಡೂ ಸೌತ್ ಮೆಲ್ಬರ್ನ್ ಯುನೈಟೆಡ್ ಎಂಬ ಸ್ಥಳೀಯ ಕ್ಲಬ್ಬಿನ ಜೊತೆ ಸೇರಿಕೊಂಡವು. ಮಿಡಲ್ ಪಾರ್ಕ್ ಮೈದಾನ ಇವರ ಮನೆಯಾಯಿತು. 1962ಕ್ಕಾಗಲೇ ವಿಕ್ಟೋರಿಯಾ ರಾಜ್ಯ ಚಾಂಪಿಯನ್ನರು. 1964, 65, 66, ಮೂರು ವರ್ಷ ಸಾಲಾಗಿ ಮತ್ತೆ ಗೆದ್ದರು.

ಇಷ್ಟು ತಿಳಿದ ಮೇಲೆ ಹಿರಿಯರನ್ನು ನೋಡಲು ಹೊರಟೆ. "ಆ ಕಾಲದ ಬಗ್ಗೆ ಹೇಳಿ" ಅಂದರೆ ಯಾರೂ ಏನೂ ಹೇಳುವುದಿಲ್ಲ. "ತುಂಬಾ ಚೆನ್ನಾಗಿತ್ತು" ಅಂದು ಕಾಫಿ ಕೊಡುತ್ತಾರೆ, ಅಷ್ಟೇ. ಅದಕ್ಕೆ ಒಂದು ದೊಡ್ಡ ಹಾಳೆಯ ಮೇಲೆ ಮಿಡಲ್ ಪಾರ್ಕ್ ನಕ್ಷೆ ಬರೆದುಕೊಂಡು ಹೋಗುತ್ತಿದ್ದೆ. ಗೇಟು, ಸ್ಟ್ಯಾಂಡು, ಎರಡು ಗೋಲು. ಪೆನ್ಸಿಲ್ ಕೈಗೆ ಕೊಟ್ಟು "ನೀವು ಎಲ್ಲಿ ನಿಲ್ಲುತ್ತಿದ್ದಿರಿ?" ಅಂತ ಕೇಳುತ್ತಿದ್ದೆ.

ಅಲ್ಲಿಂದ ಮಾತಿಗೆ ದಾರಿಯಾಗುತ್ತಿತ್ತು. ಒಬ್ಬ ಅಜ್ಜ ಗೋಲಿನ ಹಿಂದೆ ಒಂದು ಗುರುತು ಹಾಕಿದರು. ಪಕ್ಕದಲ್ಲಿ ಯಾರು ನಿಲ್ಲುತ್ತಿದ್ದರು, ಅವರು ಯಾವ ಹಳ್ಳಿಯವರು, ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡದ್ದು, ಸುವ್ಲಾಕಿ (ಕಡ್ಡಿಗೆ ಚುಚ್ಚಿದ ಮಾಂಸ) ಸುಡುವ ಹೊಗೆ ಯಾವ ಕಡೆಯಿಂದ ಬರುತ್ತಿತ್ತು, ಎಲ್ಲಾ ಒಂದರ ಹಿಂದೊಂದು ಬಂತು. ವಾರವಿಡೀ ಬಾರದ ಇಂಗ್ಲಿಷ್‌ನಲ್ಲಿ ಮೇಸ್ತ್ರಿಯ ಮಾತು ಕೇಳಿಸಿಕೊಂಡವರು ಅಲ್ಲಿ ಗಂಟಲು ಬಿಚ್ಚಿ ತಮ್ಮ ಭಾಷೆಯಲ್ಲಿ ಕೂಗುತ್ತಿದ್ದರು. ವರ್ಷ ಕೇಳಿದರೆ ಅಜ್ಜನಿಗೆ ನೆನಪಿಲ್ಲ. ಆದರೆ ಗೋಲು ಯಾವ ಕಡೆ ಬಿತ್ತು ಅನ್ನುವುದು ಗೊತ್ತು. ಎದುರಾಳಿ ಯಾರು, ಮಳೆ ಇತ್ತಾ ಅಂತ ಕೇಳಿಕೊಂಡರೆ ಸಾಕು, ವರ್ಷವನ್ನು ಮೈಕ್ರೋಫಿಲ್ಮ್‌ನಲ್ಲಿ ಹುಡುಕಬಹುದು. ನೆನಪಿನ ಕೆಲಸ ಬೇರೆ, ಪೇಪರಿನ ಕೆಲಸ ಬೇರೆ. ಅಜ್ಜನನ್ನು ಸುಮ್ನೆ ತಾರೀಖಿಗಾಗಿ ಪೀಡಿಸಬಾರದು.

ಜಾಸ್ತಿ ಮಾತು ಬಂದದ್ದು ಪುಷ್ಕಾಶ್ ಬಗ್ಗೆ. ಹಂಗೇರಿಯ ಫೆರೆಂಕ್ ಪುಷ್ಕಾಶ್, ರಿಯಲ್ ಮ್ಯಾಡ್ರಿಡ್‌ನ ಆ ಮಹಾನ್ ಆಟಗಾರ, 1989ರಿಂದ 1992ರವರೆಗೆ ಇಲ್ಲಿ ಕೋಚ್ ಆಗಿದ್ದರು! ಅಥೆನ್ಸಿನ ಪನಥಿನೈಕೋಸ್ ತಂಡವನ್ನು 1971ರ ಯುರೋಪಿಯನ್ ಕಪ್ ಫೈನಲ್‌ಗೆ ಒಯ್ದಿದ್ದವರು, ಅವರಿಗೆ ಗ್ರೀಕ್ ಬರುತ್ತಿತ್ತು. ಅವರನ್ನು ಕಾರಿನಲ್ಲಿ ಕರೆದುಕೊಂಡು ಓಡಾಡಿ, ಅವರ ಮಾತನ್ನು ಹುಡುಗರಿಗೆ ಇಂಗ್ಲಿಷ್‌ನಲ್ಲಿ ಹೇಳುತ್ತಿದ್ದವರು ಕ್ಯಾಪ್ಟನ್ ಆಂಜ್ ಪೋಸ್ಟೆಕೊಗ್ಲು. ಐದು ವರ್ಷದ ಹುಡುಗನಾಗಿ ಹಡಗಿನಲ್ಲಿ ಬಂದವರು. ಅಪ್ಪನ ಕೈ ಹಿಡಿದು ಮಿಡಲ್ ಪಾರ್ಕ್‌ಗೆ ಹೋದವರು. 1991ರ ರಾಷ್ಟ್ರೀಯ ಲೀಗ್ ಫೈನಲ್ ಮೆಲ್ಬರ್ನ್ ಕ್ರೊವೇಷಿಯಾ ಕ್ಲಬ್ಬಿನ ವಿರುದ್ಧ. ಪಂದ್ಯ 1-1, ಪೆನಾಲ್ಟಿಯಲ್ಲಿ 5-4ರ ಗೆಲುವು. ಆ ಪೆನಾಲ್ಟಿಗಳನ್ನು ಒಬ್ಬೊಬ್ಬರೂ ಒಂದೊಂದು ಕ್ರಮದಲ್ಲಿ ಹೇಳಿದರು. ಎಲ್ಲವನ್ನೂ ಹಾಗೇ ಬರೆದುಕೊಂಡೆ. ಅಚ್ಚಿಗೆ ಮಾತ್ರ ವಿಡಿಯೋ ನೋಡಿ ಕ್ರಮ ಹಾಕಿದೆ.

ಆಲ್ಬರ್ಟ್ ಪಾರ್ಕ್‌ನಲ್ಲಿ ಕಾರ್ ರೇಸ್ ಮಾಡಲು ಹೊರಟಾಗ ಮಿಡಲ್ ಪಾರ್ಕ್ ಮೈದಾನವನ್ನು ಕೆಡವಿದರು. 1995ರಲ್ಲಿ ಕ್ಲಬ್ಬು ಅಲ್ಲೇ ಹತ್ತಿರದ ಲೇಕ್‌ಸೈಡ್‌ಗೆ ಹೋಯಿತು. ಈ ಭಾಗ ಕೇಳುವಾಗ ನಕ್ಷೆಯನ್ನು ಮಡಿಸಿ ಇಡಬೇಕಿತ್ತು. ಕೆಲವರಿಗೆ ನೋಡಲು ಆಗುತ್ತಿರಲಿಲ್ಲ.

ಲೇಕ್‌ಸೈಡ್‌ನ ದಿನಗಳು ಬರೆಯಲು ಸುಲಭ. ದಾಖಲೆ ಬೇಕಾದಷ್ಟಿದೆ. ಪೋಸ್ಟೆಕೊಗ್ಲು ಕೋಚ್ ಆಗಿ 1998, 1999 ಎರಡೂ ವರ್ಷ ರಾಷ್ಟ್ರೀಯ ಲೀಗ್ ಗೆದ್ದರು. ಓಷಿಯಾನಿಯಾ ವಲಯದ ಕ್ಲಬ್ ಟೂರ್ನಿ ಗೆದ್ದು 2000ದ ಜನವರಿಯಲ್ಲಿ ಬ್ರೆಜಿಲ್‌ನಲ್ಲಿ ನಡೆದ ವಿಶ್ವ ಕ್ಲಬ್ ಟೂರ್ನಿಗೆ ಹೋದರು. ರಿಯೋದ ಮರಕಾನಾ ಮೈದಾನದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಜೊತೆ 0-2. ವಾಸ್ಕೊ ಡ ಗಾಮ ಜೊತೆಗೂ 0-2. ಮೆಕ್ಸಿಕೊದ ನೆಕಾಕ್ಸಾ ಜೊತೆ 1-3. ಆ ಒಂದು ಗೋಲು ಜಾನ್ ಅನಸ್ತಾಸಿಯಾಡಿಸ್ ಅವರದ್ದು.

ಕಷ್ಟದ ಅಧ್ಯಾಯ ಆಮೇಲಿನದು. 2004ಕ್ಕೆ ಹಳೇ ರಾಷ್ಟ್ರೀಯ ಲೀಗ್ ಮುಚ್ಚಿತು. ಅದರ ಬದಲಿಗೆ 2005ರಲ್ಲಿ ಶುರುವಾದ ಎ-ಲೀಗ್‌ನಲ್ಲಿ ಈ ಕ್ಲಬ್ಬಿಗೆ ಜಾಗ ಸಿಗಲಿಲ್ಲ. ಒಟ್ಟು ನಾಲ್ಕು ಸಲ ರಾಷ್ಟ್ರೀಯ ಲೀಗ್ ಗೆದ್ದವರು ರಾಜ್ಯದ ಲೀಗ್‌ಗೆ ಇಳಿದರು. ಅದಕ್ಕೂ ಮೊದಲೇ, ಕ್ಲಬ್ಬುಗಳಲ್ಲಿ ವಲಸಿಗರ ಗುರುತು ಬೇಡ ಎಂಬ ಒತ್ತಡಕ್ಕೆ ‘ಹೆಲ್ಲಾಸ್’ ಹೆಸರೂ ಹೋಗಿತ್ತು. ಅದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಸಾಕರ್ ಯಾರಿಗೂ ಬೇಡವಾಗಿದ್ದ ಕಾಲದಲ್ಲಿ ಅದನ್ನು ಬದುಕಿಸಿದವರು ಇಂಥ ಜನ ಅಲ್ವಾ? ಆದರೂ ಬರೆಯುವಾಗ ನನ್ನ ಸಿಟ್ಟನ್ನು ಬೇರೆ ಇಟ್ಟೆ. ಏನಾಯಿತು, ಯಾವಾಗ ಆಯಿತು ಅನ್ನುವುದು ಒಂದು ಕಡೆ. ಬೆಂಬಲಿಗರ ಮಾತು ಅವರದ್ದೇ ದನಿಯಲ್ಲಿ ಇನ್ನೊಂದು ಕಡೆ.

ಅಚ್ಚಿಗೆ ಕೊಡುವ ಮುಂಚೆ ಪ್ರತಿಯೊಬ್ಬರ ಭಾಗವನ್ನೂ ಅವರ ಮನೆಯಲ್ಲೇ ಓದಿಸಿದೆ. ಮೊಮ್ಮಕ್ಕಳು ಇಂಗ್ಲಿಷ್‌ನಲ್ಲಿ ಓದಿ ಗ್ರೀಕ್‌ನಲ್ಲಿ ಹೇಳುತ್ತಿದ್ದರು. ಬೇಡ ಅಂದ ಸಾಲನ್ನು ತೆಗೆದೆ. ಈ ಕೆಲಸಕ್ಕೆ ಸಮಯ ಹಿಡಿಯುತ್ತದೆ, ಆದರೆ ಬಿಡಬೇಡಿ. ಹೊಸ ಹೆಸರು, ಹೊಸ ಫೋಟೊ ಸಿಗುವುದು ಹೆಚ್ಚಾಗಿ ಆ ಎರಡನೇ ಭೇಟಿಯಲ್ಲೇ.