ಟಿ-34ಗೆ ಹೇರ್‌ಸ್ಪ್ರೇ ಬಿಳಿ: ಆಟಕ್ಕಿಳಿದ್ರೂ ಉಳೀತು

ಹಸಿರು ಟ್ಯಾಂಕ್ ಮಾಡೆಲ್ ಮೇಲೆ ಚಳಿಗಾಲದ ಸುಣ್ಣ ಸವೆದ ಹಾಗೆ ಕಾಣ್ಲಿ ಅಂತ ಹೇರ್‌ಸ್ಪ್ರೇ ಮೇಲೆ ಬಿಳಿ ಹೊಡೆದು, ನೀರಲ್ಲಿ ಅಲ್ಲಲ್ಲಿ ಎಬ್ಬಿಸೋದುಂಟು. ಅದು ಷೋಕೇಸಿಗೆ ಸರಿ, ಟೇಬಲ್ ಮೇಲಿನ ಯುದ್ಧದ ಆಟಕ್ಕಿಳಿಸಿದ್ರೆ ಎರಡೇ ಗೇಮಲ್ಲಿ ಬೆರಳಿಗೆ ಬರತ್ತೆ ಅಂತ ಎಲ್ರೂ ಹೇಳಿದ್ರು. ನನ್ನ 1/56 (ನಿಜದ ಸೈಜಿನ 56ನೇ ಒಂದು ಭಾಗ) ಟಿ-34, ಎರಡನೇ ಮಹಾಯುದ್ಧದ ಸೋವಿಯತ್ ಟ್ಯಾಂಕಿನ ಮಾಡೆಲ್, ಹೆಚ್ಚುಕಮ್ಮಿ ಒಂದು ವರ್ಷದಿಂದ ಟೇಬಲ್ ಮೇಲೆ ಓಡ್ತಿದೆ, ಒಂದು ಚೂರೂ ಎದ್ದಿಲ್ಲ.

ಮೊದ್ಲು ಹೇರ್‌ಸ್ಪ್ರೇ ಬದಲು ಬಿಳಿ ಬಣ್ಣದಡಿ ಉಪ್ಪು ಹಾಕಿ ನೋಡಿದೆ. ಈ ಸೈಜಿಗೆ ಕಾಳು ದಪ್ಪ, ಸುಣ್ಣ ಸವೆದ ಹಾಗಲ್ಲ, ಪೇಂಟ್ ಹಕ್ಕಳೆ ಎದ್ದ ಹಾಗೆ ಕಾಣ್ತಿತ್ತು. ಸ್ಪಂಜಲ್ಲಿ ಬಣ್ಣ ಒತ್ತಿದ್ರೆ ಬರೀ ಚುಕ್ಕೆ ಚುಕ್ಕೆ. ಆಮೇಲೆ ರೆಡಿಮೇಡ್ ಚಿಪ್ಪಿಂಗ್ ಫ್ಲೂಯಿಡ್ (ಮೇಲಿನ ಬಣ್ಣ ಎಬ್ಬಿಸೋಕೆ ಅಂತಲೇ ಬರೋ ದ್ರವ), ಕೆಲಸ ಮಾಡತ್ತೆ ನಿಜ, ಆದ್ರೆ ಇಷ್ಟೇ ಇಷ್ಟು ಬಾಟಲು, ಇದಕ್ಕೆಲ್ಲ ಸುರಿದ ದುಡ್ಡಲ್ಲಿ ಇನ್ನೆರಡು ಕಿಟ್ ಬರ್ತಿತ್ತು. ಅಗ್ಗದ ಹೇರ್‌ಸ್ಪ್ರೇ ಒಂದು ಡಬ್ಬ ಪೂರ್ತಿ ಪ್ಲಟೂನಿಗೆ ಹೊಡೆದ್ರೂ ಇನ್ನೂ ಅರ್ಧ ಇದೆ.

ಗಟ್ಟಿತನ ಬರೋದು ಕೆಳಗಿನ ಹಸಿರಿಂದ. ಹಸಿರು, ಡೆಕಾಲ್ (ನಂಬರು, ಗುರುತಿನ ಸ್ಟಿಕ್ಕರ್), ಹೊಳಪಿನ ವಾರ್ನಿಷ್ ಆದ್ಮೇಲೆ ಒಂದಿನ ಮುಟ್ಬೇಡಿ. ಆಮೇಲೆ ಹೇರ್‌ಸ್ಪ್ರೇ ಎರಡು ತೆಳು ಕೋಟ್, ಅದ್ರ ಮೇಲೆ ಚೂರು ಬೂದು ಬೆರೆಸಿದ ಅಕ್ರಿಲಿಕ್ ಬಿಳಿ. ಸುಮಾರು ಅರ್ಧ ಗಂಟೆಗೇ ಉಗುರುಬೆಚ್ಚನೆ ನೀರು, ಒರಟು ಬ್ರಷ್ ಹಿಡಿದು ಕೂತ್ಕೊಳ್ಳಿ, ರಾತ್ರಿಯೆಲ್ಲ ಬಿಟ್ರೆ ಗಟ್ಟಿಯಾಗಿ ಏಳೋದೇ ಇಲ್ಲ. ಸಿಕ್ಕಸಿಕ್ಕಲ್ಲಿ ಉಜ್ಬೇಡಿ, ಹ್ಯಾಚ್ ಸುತ್ತ, ಫೆಂಡರ್ ಅಂಚು, ಇಂಜಿನ್ ಡೆಕ್, ಅಂದ್ರೆ ಸೈನಿಕರು ಹತ್ತಿ ಇಳಿಯೋ ಜಾಗ ಮಾತ್ರ.

ಎಲ್ರದ್ದೂ ಕೆಡೋದು ಕೊನೇಲಿ. ನೀರಿನ ವಾರ್ನಿಷ್ ಬ್ರಷ್ಷಲ್ಲಿ ಬಳಿದ್ರೆ ಕೆಳಗಿನ ಹೇರ್‌ಸ್ಪ್ರೇ ಮತ್ತೆ ಕರಗಿ ಬಿಳಿ ಜಾರತ್ತೆ. ನಾನು ಲ್ಯಾಕರ್ ಮ್ಯಾಟ್ (ನೀರಿನದ್ದಲ್ಲದ, ಹೊಳಪಿಲ್ಲದ ವಾರ್ನಿಷ್) ಏರ್‌ಬ್ರಷ್ಷಲ್ಲಿ ಹೊಡೀತೀನಿ, ಮೊದಲ ಕೋಟ್ ಮಂಜು ಬಿದ್ದಷ್ಟೇ. ಎಷ್ಟು ಥಿನ್ನರ್, ಎಷ್ಟು ಪ್ರೆಶರ್ ಅನ್ನೋದು ನನ್ನ ಹತ್ರಾನೇ ಇರ್ಲಿ.

ಇನ್ನೊಂದು ಟ್ಯಾಂಕಿಗೆ ಸ್ಟಾಲಿನ್‌ಗ್ರಾಡ್ ಫ್ಯಾಕ್ಟರಿ ಚಕ್ರ ಹಾಕಿದೀನಿ. 1941-42ರಲ್ಲಿ ರಬ್ಬರ್ ಸಿಗದೆ ಅಲ್ಲಿ ಉಕ್ಕಿನ ಅಂಚಿನ ಚಕ್ರ ಹಾಕ್ತಿದ್ರಲ್ಲ, ಅದೇ. ಅಂಚಿಗೆ ಸಿಲ್ವರ್ ಪೇಂಟ್ ಹೊಡೆದ್ರೆ ಆಟಿಕೆ ಥರ ಕಾಣ್ತು, ಅಳಿಸಿ 6ಬಿ ಪೆನ್ಸಿಲ್ ಪುಡಿ ಬೆರಳಲ್ಲಿ ಉಜ್ಜಿದೆ, ಅಪ್ಪಟ ಉಕ್ಕು! ಆದ್ರೆ ಪೆನ್ಸಿಲ್ ಉಜ್ಜೋದು ವಾರ್ನಿಷ್ ಆದ್ಮೇಲೇ, ಮೊದ್ಲೇ ಉಜ್ಜಿದ್ರೆ ಮ್ಯಾಟ್ ಕೆಳಗೆ ಹೊಳಪೆಲ್ಲ ಸತ್ತೋಗತ್ತೆ.