ಏಳು ರಾತ್ರಿ ಕ್ರೂಸ್‌ಗೆ ಬಟ್ಟೆ ತುಂಬೋದು ಹೇಗೆ? ಕೊನೇ ದಿನದ ಪ್ಯಾಂಟಿಂದ ಶುರು ಮಾಡಿ

ಜನವರಿ ತಿಂಗಳ ಬೆಳಗ್ಗೆ ಏಳೂವರೆ, ಹೊರಗೆ ಹತ್ತು ಡಿಗ್ರಿ ಚಳಿ, ನಮ್ಮಪ್ಪ ಬಿಳೀ ಪಂಚೆ ಉಟ್ಕೊಂಡು ಮೇಲೆ ನಮ್ಮನೆಯವರ ಫ್ಲೀಸ್ ಜಾಕೆಟ್ ಏರಿಸ್ಕೊಂಡು ಕಾಲಿಗೆ ಹವಾಯಿ ಚಪ್ಪಲಿ ಮೆಟ್ಕೊಂಡು, ಕ್ರೂಸ್ ಮುಗಿಸಿ ಹಡಗಿಳಿದು, ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ ಬಂದರಲ್ಲಿ ಇಮಿಗ್ರೇಷನ್ ಆಫೀಸರ್ ಮುಂದೆ ನಿಂತಿದ್ರು. ಆಫೀಸರ್ ಒಂದ್ಸಲ ಪಾಸ್‌ಪೋರ್ಟ್ ನೋಡಿದ, ಒಂದ್ಸಲ ಪಂಚೆ ನೋಡಿದ, ಏನೂ ಕೇಳ್ದೆ ಕಳಿಸಿಬಿಟ್ಟ. ಅಮ್ಮ ಮಾತ್ರ ಹ್ಯೂಸ್ಟನ್ ಮನೆ ಮುಟ್ಟೋ ತನಕ ಬಾಯಿ ಬಿಡ್ಲಿಲ್ಲ.

ಆಗಿದ್ದೇನು ಅಂದ್ರೆ, ಕ್ರೂಸ್‌ನಲ್ಲಿ (ಹಡಗಲ್ಲೇ ಉಂಡು ಮಲಗಿ ಊರೂರು ನೋಡೋ ಪ್ರವಾಸ) ಕೊನೇ ರಾತ್ರಿ ದೊಡ್ಡ ಸೂಟ್‌ಕೇಸ್‌ಗಳನ್ನ ರೂಮಿನ ಬಾಗಿಲ ಹೊರಗೆ ಇಡ್ಬೇಕು, ಹಡಗಿನ ಹುಡುಗರು ರಾತ್ರಿನೇ ಎತ್ಕೊಂಡು ಹೋಗ್ತಾರೆ, ಮತ್ತೆ ಅದರ ಮುಖ ನೋಡೋದು ಮಾರನೇ ದಿನ ಕೆಳಗಿಳಿದು ಟರ್ಮಿನಲ್‌ನಲ್ಲೇ. ಅಪ್ಪ ಶಿಸ್ತಿನ ಮನುಷ್ಯ. ಹೇಳಿದ ಟೈಮಿಗಿಂತ ಎರಡು ಗಂಟೆ ಮುಂಚೆನೇ ಎಲ್ಲ ಮಡಚಿ, ಇದ್ದಬದ್ದ ಪ್ಯಾಂಟೆಲ್ಲ ಒಳಗೆ ಹಾಕಿ, ಬೀಗ ಜಡಿದು ಹೊರಗಿಟ್ಟು, ಪಂಚೆ ಉಟ್ಕೊಂಡು ಮಲಗಿಬಿಟ್ರು. ಬೆಳಗ್ಗೆ ಎದ್ದು ನೋಡಿದ್ರೆ ಪ್ಯಾಂಟಿಲ್ಲ, ಶೂ ಇಲ್ಲ, ಸೂಟ್‌ಕೇಸೂ ಇಲ್ಲ.

ಅವತ್ತಿಂದ ನಮ್ಮನೇಲಿ ಕ್ರೂಸ್ ಪ್ಯಾಕಿಂಗ್ ಹಿಂದಿನಿಂದ ಮುಂದಕ್ಕೆ. ಎಲ್ಲಕ್ಕಿಂತ ಮೊದಲು ಕೊನೇ ಬೆಳಗ್ಗೆಯ ಒಂದು ಜೊತೆ ಬಟ್ಟೆ, ಒಳಬಟ್ಟೆ, ಸಾಕ್ಸ್ ಸಮೇತ ಒಂದು ಚೀಲಕ್ಕೆ ಹಾಕಿ ಗಂಟು ಕಟ್ಟಿಡ್ತೀವಿ, ಮಿಕ್ಕಿದ್ದೆಲ್ಲ ಆಮೇಲೆ. ನಿಮ್ ಸಾಮಾನು ನೀವೇ ಹೊತ್ಕೊಂಡು ಇಳೀತೀವಿ ಅಂದ್ರೆ ಹೊರಗಿಡೋ ರಗಳೆನೇ ಇರಲ್ಲ, ಆದ್ರೆ ವಯಸ್ಸಾದೋರು ಜೊತೆಗಿದ್ರೆ ಆ ಲಿಫ್ಟ್ ಕ್ಯೂನಲ್ಲಿ ಸೂಟ್‌ಕೇಸ್ ಎಳ್ಕೊಂಡು ನಿಲ್ಲೋದು ಬೇಡ ಅಂತೀನಿ.

ಎರಡನೇದು: ದಿನ ಎಣಿಸಿ, ಬಟ್ಟೆ ಎಣಿಸ್ಬೇಡಿ

ಒಂದು ಹಾಳೆ ತಗೊಂಡು ಹಡಗಿನ ರೂಟ್ ಬರ್ಕೊಳ್ಳಿ. ಗ್ಯಾಲ್ವೆಸ್ಟನ್‌ನಿಂದ ಹೊರಡೋ ಏಳು ರಾತ್ರಿಯ ಟ್ರಿಪ್ ಅಂದ್ರೆ ಬಹಳ ಸಲ ಹೊಂಡುರಾಸ್‌ನ ರೊವಾಟಾನ್, ಮೆಕ್ಸಿಕೋದ ಕೋಸ್ಟಾ ಮಾಯಾ, ಕೊಜುಮೆಲ್ ಹೀಗೆ ಮೂರು ಊರು, ಮಿಕ್ಕಿದ್ದು ಬರೀ ಸಮುದ್ರ. ಪ್ರತಿ ದಿನದ ಎದುರಿಗೆ ಹಗಲು, ಸಂಜೆ ಅಂತ ಎರಡೇ ಕಾಲಂ ಹಾಕಿ. ಹಗಲಿಗೆ ಏನು ಹಾಕಿದ್ರೂ ನಡೆಯತ್ತೆ. ಸಂಜೆ ಊಟದ ಹಾಲ್‌ಗೆ ಸ್ವಲ್ಪ ನೀಟಾಗಿ ಹೋಗ್ಬೇಕು. ಅದ್ರಲ್ಲಿ ಎರಡು ಸಂಜೆ ಸಾಮಾನ್ಯವಾಗಿ ಫಾರ್ಮಲ್ ನೈಟ್, ಅಂದ್ರೆ ಮದುವೆಗೆ ಹೋಗೋ ಹಾಗೆ ಡ್ರೆಸ್ ಮಾಡ್ಕೊಂಡು ಊಟಕ್ಕೆ ಹೋಗೋ ರಾತ್ರಿ ಇರತ್ತೆ, ಒಂದೊಂದು ಕಂಪನಿ ಒಂದೊಂದು ಹೆಸರಿಡತ್ತೆ, ನಾರ್ವೀಜಿಯನ್‌ನಂಥ ಕಂಪನಿಲಿ ಅದೂ ಕಡ್ಡಾಯ ಇಲ್ಲ.

ಈ ಲೆಕ್ಕದಲ್ಲಿ ಒಬ್ಬರಿಗೆ ಹಗಲಿಗೆ ಐದು ಟಾಪ್ ಅಥವಾ ಟೀಶರ್ಟು, ಮೂರು ಚಡ್ಡಿ ಅಥವಾ ತೆಳು ಪ್ಯಾಂಟು, ಸಂಜೆಗೆ ಮೂರು ಜೊತೆ, ಫಾರ್ಮಲ್‌ಗೆ ಎರಡು, ಈಜೋಕೆ ಎರಡು, ಮಲಗೋಕೆ ಎರಡು. ಒಳಬಟ್ಟೆ ಒಂಬತ್ತು ಹತ್ತು ಇರ್ಲಿ, ಬೆವರೋ ಜಾಗ, ಅದರಲ್ಲಿ ಕಂಜೂಸ್ ಮಾಡ್ಬೇಡಿ. ಒಂದು ಸ್ವೆಟರ್ರು ಅಥವಾ ಶಾಲು ಬೇಕೇ ಬೇಕು, ಕೆರಿಬಿಯನ್ ಅಂದ್ರೆ ಸೆಕೆ ಅಂದ್ಕೊಂಡು ಬಿಟ್ಟು ಹೋಗ್ತಾರೆ, ಹೊರಗೇನೋ ಸೆಕೆನೇ, ಆದ್ರೆ ಹಡಗಿನ ಊಟದ ಹಾಲ್, ಶೋ ನಡೆಯೋ ಥಿಯೇಟರಲ್ಲಿ ಎಸಿ ಹಾಕಿರೋ ರೀತಿ ನೋಡಿದ್ರೆ ಹಲ್ಲು ಕಟಕಟ ಅನ್ನತ್ತೆ. ಚಳಿಗಾಲದಲ್ಲಿ ಟೆಕ್ಸಾಸ್‌ನಿಂದ ಹೊರಟ್ರೆ ಮೊದಲ ದಿನ, ಕೊನೇ ದಿನ ಜಾಕೆಟ್ಟೂ ಬೇಕು, ಅದನ್ನ ಮೈಮೇಲೆ ಹಾಕ್ಕೊಂಡೇ ಹೋಗಿ, ಸೂಟ್‌ಕೇಸಲ್ಲಿ ಜಾಗ ಉಳಿಯತ್ತೆ.

ಚಪ್ಪಲಿ ಮೂರು ಜೊತೆಗಿಂತ ಜಾಸ್ತಿ ಬೇಡ: ನಡೆಯೋಕೆ ಶೂ, ನೀರಿಗೆ ಒಂದು, ಸಂಜೆಗೆ ಒಂದು.

ಅಮ್ಮ ಆರು ರೇಷ್ಮೆ ಸೀರೆ ತಂದಿದ್ರು. ದಿನಾ ಸಂಜೆ ಅದೇ ಟೇಬಲ್ಲು, ಅದೇ ಜನ, ಉಟ್ಟಿದ್ದೇ ಉಡೋಕಾಗತ್ತಾ ಅಂತ ಅವರ ವಾದ. ಆ ಟೇಬಲ್‌ನಲ್ಲಿದ್ದ ಓಹಾಯೋ ದಂಪತಿಗಳಿಗೆ ಮೊದಲ ದಿನದ ಹಸಿರು ಸೀರೆಗೂ ನಾಲ್ಕನೇ ದಿನದ ಹಸಿರು ಸೀರೆಗೂ ವ್ಯತ್ಯಾಸ ಗೊತ್ತಾಗ್ಲೇ ಇಲ್ಲ, ಎರಡಕ್ಕೂ ಒಂದೇ ಥರ ಬಾಯ್ತುಂಬ ಹೊಗಳಿದ್ರು.

ಫಾರ್ಮಲ್ ನೈಟ್‌ಗೆ ಕೋಟು ಹೊಲಿಸ್ಬೇಕಾ?

ಬೇಡ. ನಮ್ಮ ಬಟ್ಟೆನೇ ಧಾರಾಳವಾಗಿ ನಡೆಯತ್ತೆ. ಗಂಡಸರಿಗೆ ಜುಬ್ಬ ಪೈಜಾಮ ಸಾಕು, ಅಪ್ಪ ಜರಿ ಪಂಚೆ, ರೇಷ್ಮೆ ಜುಬ್ಬ ಹಾಕ್ಕೊಂಡು ಮೆಟ್ಟಿಲಿಳಿದಾಗ ಹಡಗಿನ ಫೋಟೋಗ್ರಾಫರ್ ಕರೆದು ನಿಲ್ಲಿಸಿ ನಾಲ್ಕು ಫೋಟೋ ಹೊಡೆದ (ಫೋಟೋ ತೆಗೆಯೋದು ಫ್ರೀ, ಕೊಳ್ಳೋದು ಫ್ರೀ ಅಲ್ಲ, ಹುಷಾರು). ಅದೇ ಪಂಚೆ, ಕೊನೇ ದಿನ ಬೇರೆ ಕಥೆ ಆಯ್ತು ಅನ್ನೋದು ಬಿಡಿ.

ಹೆಂಗಸರಿಗೆ ನನ್ನ ಸಲಹೆ ಮೈಸೂರು ಸಿಲ್ಕು. ಕಂಚಿ ಸೀರೆ ತೂಕ, ಜರಿ ಮಡಿಕೆ ಬೀಳತ್ತೆ, ಹಡಗಲ್ಲಿ ಇಸ್ತ್ರಿ ಕಷ್ಟ. ಮೈಸೂರು ಕ್ರೇಪು ಸುತ್ತಿ ಇಟ್ರೆ ಒಂದು ಸಣ್ಣ ಟವೆಲ್‌ನಷ್ಟು ಜಾಗ, ತೆಗೆದು ಅರ್ಧ ದಿನ ನೇತಾಕಿದ್ರೆ ಸುಕ್ಕು ಹೋಗತ್ತೆ. ಎರಡು ಸೀರೆಗೂ ಹೊಂದೋ ಥರ ಒಂದೇ ಬ್ಲೌಸು, ಒಂದೇ ಲಂಗ ತಗೊಂಡ್ರೆ ಇನ್ನೂ ಜಾಗ.

ಮೇಲಿನ ಡೆಕ್‌ಗೆ, ಅಂದ್ರೆ ಹಡಗಿನ ತಾರಸಿಗೆ, ಸೀರೆಲಿ ಹೋಗೋದಾದ್ರೆ ಸೇಫ್ಟಿ ಪಿನ್ ಒಂದು ಡಜನ್ ಇಟ್ಕೊಳ್ಳಿ. ಹಡಗು ಓಡ್ತಿರೋವಾಗ ಗಾಳಿ ಅಂದ್ರೆ ಮಾಮೂಲಿ ಗಾಳಿ ಅಲ್ಲ. ಸೂರ್ಯಾಸ್ತ ನೋಡ್ಬೇಕು ಅಂತ ಅಮ್ಮ ಊಟ ಮುಗಿಸಿ ಹಾಗೇ ಹೋದ್ರು, ಬಾಗಿಲು ತೆಗೆದಿದ್ದೇ ಸೆರಗು ಬಾವುಟದ ಥರ ಮೇಲಕ್ಕೆದ್ದು ಪಕ್ಕದಲ್ಲಿ ಐಸ್‌ಕ್ರೀಂ ತಿಂತಿದ್ದ ಒಬ್ಬರ ಮುಖದ ಮೇಲೆ ಕೂತ್ಕೊಳ್ತು. ಐಸ್‌ಕ್ರೀಂ ಕಲೆ ಈಗಲೂ ಇದೆ. ಹಗಲಲ್ಲಿ ಡೆಕ್‌ಗೆ ಚೂಡಿದಾರ್ ಪ್ಯಾಂಟು ಕುರ್ತಾನೇ ಸರಿ, ವೇಲ್ ಬೇಡ.

ಡ್ರೆಸ್ ಮಾಡ್ಕೊಳ್ಳೋಕೆ ಬೇಜಾರು ಅನ್ನೋರಿಗೆ ಮೇಲೆ ಬಫೆ ಇದ್ದೇ ಇರತ್ತೆ. ಒದ್ದೆ ಈಜು ಬಟ್ಟೆಲಿ, ಗಂಡಸರು ತೋಳಿಲ್ಲದ ಬನೀನಲ್ಲಿ ರಾತ್ರಿ ಊಟದ ಹಾಲ್‌ಗೆ ಮಾತ್ರ ಹೋಗ್ಬೇಡಿ, ಬಾಗಿಲಲ್ಲೇ ನಿಲ್ಲಿಸ್ತಾರೆ.

ಬಟ್ಟೆ ಯಾವುದು ಅನ್ನೋದೇ ದೊಡ್ಡ ವಿಷಯ

ನಮ್ಮ ಕಡೆ ಸೆಕೆ ಅಂದ್ರೆ ಕಾಟನ್ ಅಂತ ಕಣ್ಮುಚ್ಚಿ ಹೇಳ್ತಾರೆ. ಕ್ರೂಸ್‌ನಲ್ಲಿ ಅದು ಅರ್ಧ ನಿಜ. ಹಾಕ್ಕೊಳ್ಳೋಕೆ ಕಾಟನ್ ಚೆನ್ನ, ಒಣಗೋಕೆ ಅಲ್ಲ. ರೂಮು ಅಂದ್ರೆ ನಮ್ಮ ಸ್ಲೀಪರ್ ಬಸ್ಸಿನ ಅಣ್ಣ ಅಷ್ಟೇ, ಒಳಗಿನ ರೂಮಾದ್ರೆ ಕಿಟಕಿನೂ ಇರಲ್ಲ, ಒಂದ್ಸಲ ನೆಂದ ಕಾಟನ್ ಟೀಶರ್ಟು ಎರಡು ದಿನ ಆದ್ರೂ ತಣ್ಣಗೇ ಇರತ್ತೆ, ಮೂರನೇ ದಿನ ವಾಸನೆ ಶುರು. ಬಾಲ್ಕನಿ ಇದ್ರೂ ಅಲ್ಲಿ ಒಣಗಹಾಕ್ಬಾರ್ದು, ಹಡಗಿನೋರು ಬೇಡ ಅಂತಾರೆ, ಗಾಳಿಗೆ ಹಾರಿ ಹೋದ್ರೆ ಯಾರ ಬಾಲ್ಕನಿಗೋ ಸಮುದ್ರಕ್ಕೋ. ಅದಕ್ಕೆ ಅರ್ಧ ಕಾಟನ್, ಅರ್ಧ ಜಿಮ್‌ಗೆ ಹಾಕ್ತಾರಲ್ಲ ಆ ಡ್ರೈ ಫಿಟ್ ಬಟ್ಟೆ. ಜೀನ್ಸ್ ಒಂದೇ ಒಂದು, ಅದೂ ಬರೋ ಹೋಗೋ ದಾರಿಗೆ ಮಾತ್ರ.

ಒಗೆಯೋ ವಿಷಯ ಹೇಳ್ಬಿಡ್ತೀನಿ. ಕಾರ್ನಿವಲ್ ಕಂಪನಿಯ ಹೆಚ್ಚಿನ ಹಡಗುಗಳಲ್ಲಿ ನಾವೇ ದುಡ್ಡು ಕೊಟ್ಟು ಒಗೆಯೋ ಮೆಷಿನ್ ರೂಮು ಇದೆ. ರಾಯಲ್ ಕೆರಿಬಿಯನ್‌ನಲ್ಲಿ ಅದಿಲ್ಲ, ಲಾಂಡ್ರಿಗೆ ಕೊಡ್ಬೇಕು. ಮನೆಯಿಂದ ಇಸ್ತ್ರಿ ಪೆಟ್ಟಿಗೆ, ಸ್ಟೀಮರ್ ತಗೊಂಡು ಹೋಗೋ ಹಾಗಿಲ್ಲ, ಬೆಂಕಿ ಭಯಕ್ಕೆ ಸೆಕ್ಯುರಿಟಿಲೇ ತೆಗೆದಿಟ್ಕೊಂಡು ಕೊನೇ ದಿನ ಕೊಡ್ತಾರೆ. ಅನ್ನದ ಕುಕ್ಕರ್, ಕೆಟಲ್‌ಗೂ ಇದೇ ಗತಿ, ಇದು ಬಟ್ಟೆ ಲೇಖನ ಆದ್ರೂ ಹೇಳ್ದೇ ಇರೋಕಾಗಲ್ಲ, ಯಾಕಂದ್ರೆ ಅಮ್ಮ ಸೀರೆ ಮಧ್ಯ ಅದನ್ನೇ ಸುತ್ತಿಟ್ಟಿದ್ರು.

ಈಜು ಬಟ್ಟೆ, ಒಳಬಟ್ಟೆ ರೂಮಲ್ಲೇ ಒಗೆಯೋದು ಸುಲಭ. ಬೇಸಿನ್‌ನಲ್ಲಿ ಎರಡು ಹನಿ ಶಾಂಪೂ ಹಾಕಿ ಅಲಸಿ, ಕೈಯಲ್ಲಿ ಹಿಂಡಿ. ಆಮೇಲೆ ಹಡಗಿನ ಒಣ ಟವೆಲ್ ಹಾಸಿಗೆ ಮೇಲೆ ಹರಡಿ, ಅದರ ಮೇಲೆ ಒದ್ದೆ ಬಟ್ಟೆ ಚಪ್ಪಟೆಯಾಗಿ ಇಟ್ಟು, ಎರಡನ್ನೂ ಸೇರಿಸಿ ಚಾಪೆ ಸುತ್ತೋ ಹಾಗೆ ಬಿಗಿಯಾಗಿ ಸುತ್ತಿ, ಅದನ್ನ ನೆಲಕ್ಕಿಟ್ಟು ಮೊಣಕಾಲು ಊರಿ ಈ ತುದಿಯಿಂದ ಆ ತುದಿ ತನಕ ಒತ್ತಿ. ಬಿಚ್ಚಿ ನೋಡಿದ್ರೆ ಟವೆಲ್ ಒದ್ದೆ, ಬಟ್ಟೆ ಬರೀ ತಂಪು. ರಾತ್ರಿ ನೇತಾಕಿದ್ರೆ ಬೆಳಗ್ಗೆಗೆ ಗರಿಗರಿ. ನೇತಾಕೋಕೆ ಬಚ್ಚಲಲ್ಲಿ ಬಹಳ ಕಡೆ ಎಳೆದು ಸಿಕ್ಕಿಸೋ ಹಗ್ಗ ಇರತ್ತೆ, ಸಾಲದಿದ್ರೆ ಮ್ಯಾಗ್ನೆಟ್ ಕೊಕ್ಕೆ ತಗೊಂಡು ಹೋಗಿ. ರೂಮಿನ ಗೋಡೆ ಲೋಹದ್ದು, ಕೊಕ್ಕೆ ಗಟ್ಟಿಯಾಗಿ ಹಿಡ್ಕೊಳ್ಳತ್ತೆ, ನಾಲ್ಕು ಜನರ ಟೋಪಿ, ಚೀಲ, ಜಾಕೆಟ್ ಎಲ್ಲ ಗೋಡೆಗೆ ಹೋದ್ರೆ ನಡೆಯೋಕಾದ್ರೂ ಜಾಗ ಸಿಗತ್ತೆ. ಖಾಲಿ ಸೂಟ್‌ಕೇಸ್ ಮಂಚದ ಕೆಳಗೆ ತಳ್ಳಿ.

ಊರಿಗೆ ಇಳಿಯೋ ದಿನ

ಕೋಸ್ಟಾ ಮಾಯಾದಿಂದ ಚಾಕ್ಚೊಬೆನ್‌ನ ಮಾಯಾ ಪಿರಮಿಡ್ ನೋಡೋಕೆ ಹೋಗ್ತೀರ ಅಂದ್ರೆ ಕಾಡಿನ ಮಧ್ಯ, ಸೊಳ್ಳೆ, ತುಂಬು ತೋಳಿನ ತೆಳು ಅಂಗಿ ಮತ್ತು ಶೂ. ಕೊಜುಮೆಲ್, ರೊವಾಟಾನ್ ಅಂದ್ರೆ ನೀರು. ಜಮೈಕಾ ರೂಟಾದ್ರೆ ಡನ್ಸ್ ರಿವರ್ ಜಲಪಾತ ಹತ್ತೋಕೆ ನೀರಿನ ಶೂ ಬೇಕೇ ಬೇಕು, ಕಲ್ಲು ಜಾರತ್ತೆ.

ಈಜು ಬಟ್ಟೆ ಅಂದ್ರೆ ನಮ್ಮ ಹೆಂಗಸರು ಮುಜುಗರ ಪಡ್ತಾರೆ, ನೀರಿಗೆ ಇಳಿಯೋದೇ ಬೇಡ ಅಂತ ದಡದಲ್ಲಿ ಕೂತ್ಬಿಡ್ತಾರೆ, ಇಲ್ಲಾಂದ್ರೆ ಹಳೇ ಕಾಟನ್ ಚೂಡಿದಾರ್‌ನಲ್ಲೇ ಇಳೀತಾರೆ. ಅದು ನೀರು ಕುಡಿದು ಕೆಳಕ್ಕೆ ಎಳೆಯತ್ತೆ, ಅಪಾಯ. ತುಂಬು ತೋಳಿನ ಈಜು ಅಂಗಿ, ಪಾದದ ತನಕ ಬರೋ ಈಜು ಲೆಗ್ಗಿಂಗ್ಸ್ ಎಲ್ಲ ಕಡೆ ಸಿಗತ್ತೆ, ಅಮ್ಮ ಅರವತ್ತಾರನೇ ವಯಸ್ಸಲ್ಲಿ ಅದನ್ನ ಹಾಕ್ಕೊಂಡೇ ಮೊದಲ ಸಲ ಸಮುದ್ರದಲ್ಲಿ ತೇಲಿದ್ದು. ಇನ್ನೊಂದು ಲಾಭ, ಮೈ ಮುಚ್ಚಿದಷ್ಟು ಸನ್‌ಸ್ಕ್ರೀನ್ ಖರ್ಚು ಕಡಿಮೆ. ಸೇಂಟ್ ಥಾಮಸ್ ಕಡೆ ಹೋಗೋರು ಟ್ಯೂಬಿನ ಹಿಂದೆ ಓದ್ಕೊಳ್ಳಿ, ಆ ದ್ವೀಪ ಇರೋ ಅಮೆರಿಕದ ವರ್ಜಿನ್ ಐಲೆಂಡ್ಸ್‌ನಲ್ಲಿ ಹವಳಕ್ಕೆ ಹಾನಿ ಅಂತ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್, ಆಕ್ಟೋಕ್ರಿಲೀನ್ ಇರೋ ಸನ್‌ಸ್ಕ್ರೀನ್‌ಗೆ 2020ರಿಂದ ನಿಷೇಧ ಇದೆ.

ಮಕ್ಕಳ ಬಟ್ಟೆ ಚೀಲ ಒಂದ್ಸಲ ಜಾಲಾಡಿ. ಮಿಲಿಟರಿ ಪ್ರಿಂಟಿನ ಚಡ್ಡಿ, ಟೋಪಿ, ಬ್ಯಾಗ್ ಇದ್ರೆ ಮನೇಲೇ ಬಿಡಿ. ಜಮೈಕಾ, ಬಾರ್ಬಡೋಸ್, ಸೇಂಟ್ ಲೂಸಿಯಾ ಇಂಥ ಎಷ್ಟೋ ಕೆರಿಬಿಯನ್ ದೇಶಗಳಲ್ಲಿ ಸೈನಿಕರಲ್ಲದೋರು ಆ ಬಟ್ಟೆ ಹಾಕೋದು ಕಾನೂನಿಗೆ ವಿರುದ್ಧ, ಚಿಕ್ಕ ಮಗು ಹಾಕಿದ್ರೂ ಬದಲಾಯಿಸು ಅಂತಾರೆ.

ಜೂನ್‌ನಿಂದ ನವೆಂಬರ್ ತನಕ ಚಂಡಮಾರುತದ ಸೀಸನ್, ಆಗ ಹೋಗೋರು ತೆಳು ರೇನ್ ಕೋಟ್ ಇಟ್ಕೊಳ್ಳಿ. ಛತ್ರಿ ಬೇಡ, ಅಮ್ಮನ ಸೆರಗಿನ ಕಥೆ ಓದಿದ್ರಲ್ಲ.

ಮೊದಲ ದಿನದ ಕೈಚೀಲ

ಬಂದರಲ್ಲಿ ಸೂಟ್‌ಕೇಸ್ ಪೋರ್ಟರ್ ಕೈಗೆ ಕೊಟ್ಮೇಲೆ ಅದು ರೂಮಿಗೆ ಬರೋದು ಸಂಜೆ, ಒಂದೊಂದ್ಸಲ ಊಟ ಮುಗಿದ ಮೇಲೆ. ನೀವು ಮಧ್ಯಾಹ್ನಕ್ಕೇ ಹಡಗಿನೊಳಗೆ ಇರ್ತೀರ, ಎದುರಿಗೆ ನೀಲಿ ನೀಲಿ ಪೂಲು, ಮಕ್ಕಳು ಅಳೋಕೆ ಶುರು. ಅದಕ್ಕೆ ಬೆನ್ನಿಗೆ ಹಾಕೋ ಚೀಲದಲ್ಲಿ ಎಲ್ಲರ ಈಜು ಬಟ್ಟೆ, ಚಪ್ಪಲಿ, ರಾತ್ರಿ ಊಟಕ್ಕೆ ಒಂದೊಂದು ಅಂಗಿ. ಮಾತ್ರೆ, ಪಾಸ್‌ಪೋರ್ಟ್ ಯಾವ ಕಾರಣಕ್ಕೂ ಪೋರ್ಟರ್‌ಗೆ ಕೊಡೋ ಪೆಟ್ಟಿಗೆಲಿ ಬೇಡ. ಡೈಪರ್ ಹಾಕೋ ಮಗು ಇದ್ರೆ ಈಜು ಡೈಪರ್ ಹಾಕಿದ್ರೂ ದೊಡ್ಡ ಪೂಲ್‌ಗೆ ಬಿಡಲ್ಲ, ಮೊದಲೇ ತಿಳ್ಕೊಂಡಿರಿ. ಪೂಲ್ ಟವೆಲ್ ಹಡಗಿನೋರೇ ಕೊಡ್ತಾರೆ, ಮನೆಯಿಂದ ಹೊರಬೇಡಿ, ವಾಪಸ್ ಕೊಡೋದು ಮರೆತ್ರೆ ಬಿಲ್‌ಗೆ ಸೇರಿಸ್ತಾರೆ.

ಗಂಡ ಹೆಂಡತಿ ಬಟ್ಟೆ ಬೇರೆ ಬೇರೆ ಸೂಟ್‌ಕೇಸ್‌ಗೆ ತುಂಬೋ ಅಭ್ಯಾಸ ಬಿಟ್ಬಿಡಿ, ಇಬ್ಬರದ್ದೂ ಎರಡರಲ್ಲೂ ಅರ್ಧರ್ಧ ಹಾಕಿ, ಒಂದು ಬರೋದು ತಡ ಆದ್ರೂ ಯಾರೂ ಬರೀ ಟವೆಲ್‌ನಲ್ಲಿ ಕೂರ್ಬೇಕಾಗಿಲ್ಲ. ವಿಮಾನದಲ್ಲಿ ಮಯಾಮಿಗೋ ಎಲ್ಲಿಗೋ ಹೋಗಿ ಹಡಗು ಹತ್ತೋರು 23 ಕೆಜಿ ಲೆಕ್ಕದಲ್ಲಿ ಎರಡು ಮೂರು ಕೆಜಿ ಖಾಲಿ ಬಿಡಿ, ಕೊಜುಮೆಲ್ ಅಂಗಡಿಗಳನ್ನ ದಾಟಿ ಬರಿಗೈಲಿ ಬಂದೋರನ್ನ ನಾನಿನ್ನೂ ನೋಡಿಲ್ಲ. ಒದ್ದೆ ಬಟ್ಟೆಗೆ ಅಂತ ಎರಡು ಗಟ್ಟಿ ಪ್ಲಾಸ್ಟಿಕ್ ಕವರ್ ತಳದಲ್ಲಿ ಹಾಕಿ ಜಿಪ್ ಎಳೀರಿ.

ಹೋದ ವರ್ಷ ಇನ್ನೊಂದ್ಸಲ ಹೋಗಿದ್ವಿ. ಕೊನೇ ರಾತ್ರಿ ಅಪ್ಪನಿಗೆ ನೆನಪು ಮಾಡೋಣ ಅಂತ ಅವರ ರೂಮಿಗೆ ಹೋದೆ, ದೀಪ ಆರಿಸಿ ಮಲಗಿಬಿಟ್ಟಿದ್ರು. ಪ್ಯಾಂಟು, ಬೆಲ್ಟು, ಸಾಕ್ಸು ಎಲ್ಲ ಹಾಕ್ಕೊಂಡೇ.