ಅಡಿಕೆ ಅಂಗಳದ ಯಂತ್ರಕ್ಕೆ ಗೇರ್ ಮೋಟರ್ ಆರಿಸಿದ ಬಗೆ

ಚಾಲಿ ಅಡಿಕೆ ಒಣಗಲು ಸುಮಾರು 40-45 ದಿನಗಳ ಒಳ್ಳೆಯ ಬಿಸಿಲು ಬೇಕು. ಅಷ್ಟೂ ದಿನ ಅದನ್ನು ಆಗಾಗ ಮಗುಚುತ್ತಿರಬೇಕು, ಇಲ್ಲದಿದ್ದರೆ ಅಡಿಭಾಗಕ್ಕೆ ಬೂಷ್ಟು ಹಿಡಿಯುತ್ತದೆ. ಉಡುಪಿ ಸಮೀಪ ಹಿರಿಯಡಕದ ನಮ್ಮ ಮನೆಯಲ್ಲಿ ಆ ಕೆಲಸ ಅಪ್ಪನದು. ಬಿಸಿಲಿನಲ್ಲಿ ಬೆನ್ನು ಬಗ್ಗಿಸುವುದು ಅವರಿಗೆ ಈಗ ಕಷ್ಟ. ಹಾಗಾಗಿ ಹಲ್ಲುಗಳಿರುವ ಪಟ್ಟಿಯೊಂದನ್ನು ಹಿಂದೆ ಎಳೆದುಕೊಂಡು ಅಂಗಳದುದ್ದಕ್ಕೂ ಓಡಾಡುವ ಪುಟ್ಟ ಯಂತ್ರವನ್ನು ಮಾಡಿದೆ. ಅದರ ಸೆನ್ಸರ್, ಪ್ರೋಗ್ರಾಂ ವಿಚಾರ ಇಲ್ಲಿ ಬೇಡ. ಹವ್ಯಾಸಿಗಳು ಕಟ್ಟುವ ರೋಬೋಟ್‌ಗಳು ಸೋಲುವುದು ಹೆಚ್ಚಾಗಿ ಮೋಟರಿನಲ್ಲಿ. ಗೇರ್ ಮೋಟರನ್ನು, ಅಂದರೆ ವೇಗ ತಗ್ಗಿಸಿ ತಿರುಗಿಸುವ ಬಲ ಹೆಚ್ಚಿಸುವ ಗೇರ್ ಪೆಟ್ಟಿಗೆ ಜೋಡಿಸಿದ ಮೋಟರನ್ನು, ಆರಿಸುವ ಬಗ್ಗೆ ಮಾತ್ರ ಬರೆಯುತ್ತೇನೆ.

ಅಂಗಡಿಗೆ ಹೋದರೆ ಮೊದಲ ಪ್ರಶ್ನೆ, 'ಎಷ್ಟು ಆರ್‌ಪಿಎಂ ಬೇಕು?', ಅಂದರೆ ನಿಮಿಷಕ್ಕೆ ಎಷ್ಟು ಸುತ್ತು. ಎರಡನೆಯದು, 'ಆರು ವೋಲ್ಟೋ, ಹನ್ನೆರಡೋ?' ನನ್ನ ಪ್ರಕಾರ ಈ ಎರಡೂ ಕೊನೆಗೆ ಕೇಳಬೇಕಾದ ಪ್ರಶ್ನೆಗಳು. ಯಂತ್ರವನ್ನು ಎಳೆಯಲು ಎಷ್ಟು ಬಲ ಬೇಕು ಎಂಬುದು ಮೊದಲು ತಿಳಿಯಬೇಕು, ಅದನ್ನು ಅಳೆಯಲು ಪ್ರಯೋಗಾಲಯವೇನೂ ಬೇಡ. ಗಲ್ಫ್‌ಗೆ ಹೋಗಿ ಬರುವವರಿರುವ ನಮ್ಮ ಕಡೆಯ ಮನೆಗಳಲ್ಲಿ ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿ ಇದ್ದೇ ಇರುತ್ತದೆ. ಮೋಟರ್ ಇಲ್ಲದ ಬರೀ ಚೌಕಟ್ಟಿಗೆ ಚಕ್ರ ಹಾಕಿ, ಬ್ಯಾಟರಿಯ ತೂಕಕ್ಕೆ ಇಟ್ಟಿಗೆ ಇಟ್ಟು, ಹಲ್ಲಿನ ಪಟ್ಟಿ ಕಟ್ಟಿ, ಹರಡಿದ ಅಡಿಕೆಯ ಮೇಲೆ ಆ ತಕ್ಕಡಿಯಿಂದ ಎಳೆದೆ. ಹೊರಡುವಾಗ ಅಂಕಿ ಎರಡೂವರೆ ಕೆ.ಜಿ.ಗೆ ಜಿಗಿಯಿತು. ಓಡತೊಡಗಿದ ಮೇಲೆ 1.8ರ ಆಸುಪಾಸಿನಲ್ಲಿ ನಿಂತಿತು. ಹಲ್ಲುಗಳನ್ನು ಸ್ವಲ್ಪ ಮೇಲೆತ್ತಿದರೆ ಎಳೆತ ಅರ್ಧಕ್ಕಿಳಿಯುತ್ತಿತ್ತು, ಆದರೆ ಪಕ್ಕದಲ್ಲಿ ನಿಂತು ನೋಡುತ್ತಿದ್ದ ಅಪ್ಪ ಅದಕ್ಕೆ ಒಪ್ಪಲಿಲ್ಲ. "ಕೋಳಿ ಕೆದಕಿದ ಹಾಗೆ ಆದರೆ ಸಾಲದು ಮಾರಾಯ, ಅಡಿಕೆ ಮಗ್ಗುಲು ಬದಲಿಸಬೇಕು" ಎಂದರು. ಅವರ ಮಾತು ಸರಿ. 1.8 ಕೆ.ಜಿ.ಯನ್ನೇ ಇಟ್ಟುಕೊಂಡೆ.

ಇನ್ನು ಲೆಕ್ಕ ಸುಲಭ. ಚಕ್ರದ ವ್ಯಾಸ 10 ಸೆಂ.ಮೀ., ಅಂದರೆ ತ್ರಿಜ್ಯ 5. ಎಳೆತವನ್ನು ತ್ರಿಜ್ಯದಿಂದ ಗುಣಿಸಿದರೆ 9 ಕೆ.ಜಿ.-ಸೆಂ.ಮೀ. ಟಾರ್ಕ್, ಅಂದರೆ ತಿರುಗಿಸುವ ಬಲ. ಎರಡು ಮೋಟರ್‌ಗಳು ಹಂಚಿಕೊಂಡರೆ ತಲಾ 4.5. ಈ ಅಂಕಿಯನ್ನು ಹಿಡಿದುಕೊಂಡು ಹೋಗಿ, 5 ಕೆ.ಜಿ.-ಸೆಂ.ಮೀ. ಎಂದು ಬರೆದಿರುವ ಮೋಟರನ್ನು ತರಬಾರದು. ಮಾರಾಟದ ವಿವರದಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಹೆಚ್ಚಾಗಿ ಸ್ಟಾಲ್ ಟಾರ್ಕ್. ಹೊರೆ ಹೆಚ್ಚಾಗಿ ಶಾಫ್ಟ್ (ಮೋಟರಿನ ತಿರುಗುವ ದಂಡ) ಪೂರ್ತಿ ನಿಂತೇಹೋದಾಗಿನ ಬಲ ಅದು. ಆ ಸ್ಥಿತಿಯಲ್ಲಿ ಮೋಟರ್ ಏನೂ ಕೆಲಸ ಮಾಡುವುದಿಲ್ಲ, ಬ್ಯಾಟರಿಯ ಶಕ್ತಿಯೆಲ್ಲ ಶಾಖವಾಗಿ ಸುರುಳಿಯನ್ನು ಸುಡುತ್ತದೆ. ಬ್ರಷ್ (ತಿರುಗುವ ಸುರುಳಿಗೆ ಉಜ್ಜಿಕೊಂಡು ಕರೆಂಟ್ ಮುಟ್ಟಿಸುವ ತುಂಡು) ಇರುವ ಡಿಸಿ ಮೋಟರ್ ದಿನವಿಡೀ ದುಡಿಯಬೇಕಾದರೆ ಹೊರೆಯು ಸ್ಟಾಲ್ ಟಾರ್ಕಿನ ಕಾಲು ಭಾಗ ಮೀರಬಾರದು ಎಂಬುದು ನಾನು ಬಿಡದೆ ಪಾಲಿಸುವ ನಿಯಮ. ಹಾಗಾಗಿ ನನಗೆ ಬೇಕಾದದ್ದು 18 ಕೆ.ಜಿ.-ಸೆಂ.ಮೀ. ಸ್ಟಾಲ್ ಟಾರ್ಕ್. ಹೊರಡುವಾಗಿನ ಜಿಗಿತವೂ ಅದರೊಳಗೆ ಆರಾಮವಾಗಿ ಅಡಗುತ್ತದೆ.

ವೇಗದ ಲೆಕ್ಕ ಆಮೇಲೆ. ಸೆಕೆಂಡಿಗೆ 15 ಸೆಂ.ಮೀ. ಸಾಕು. ಚಕ್ರದ ಸುತ್ತಳತೆ 31.4 ಸೆಂ.ಮೀ. ಇರುವುದರಿಂದ ನಿಮಿಷಕ್ಕೆ ಸುಮಾರು 29 ಸುತ್ತು. ಕಾಲು ಭಾಗ ಹೊರೆಯಲ್ಲಿ ಮೋಟರಿನ ವೇಗವೂ ಕಾಲು ಭಾಗ ಇಳಿಯುವುದರಿಂದ, ಖಾಲಿ ಓಡುವಾಗ 40 ಆರ್‌ಪಿಎಂ ಇರುವುದು ಬೇಕು.

ಈಗ ಕಪಾಟಿನಲ್ಲಿರುವ ಮೋಟರ್‌ಗಳತ್ತ ನೋಡಬಹುದು. ಶಾಲಾ ಮಕ್ಕಳ ಕಿಟ್‌ಗಳಲ್ಲಿ ಬರುವ ಹಳದಿ ಬಿಒ ಮೋಟರ್‌ಗೆ ಪ್ಲಾಸ್ಟಿಕ್ ಗೇರ್, 1:48 ಅನುಪಾತ (ಒಳಗಿನ ಮೋಟರ್ 48 ಸುತ್ತು ತಿರುಗಿದರೆ ಹೊರಗಿನ ಶಾಫ್ಟ್ ಒಂದು ಸುತ್ತು); ಟಾರ್ಕ್ ಒಂದು ಕೆ.ಜಿ.-ಸೆಂ.ಮೀ.ಯ ಒಳಗೇ. ಕಪ್ಪು ಗೆರೆ ಹಿಡಿದು ಓಡುವ ರೋಬೋಟ್‌ಗೆ ಅದಕ್ಕಿಂತ ಅಗ್ಗದ್ದು ಸಿಗದು, ಮಕ್ಕಳಿಗೆ ಅದನ್ನೇ ಕೊಡಿಸಿ. ಎನ್20 ಲೋಹದ ಗೇರಿನದು, 12 ಮತ್ತು 10 ಮಿ.ಮೀ. ಮುಖದ ಅಂದವಾದ ಪುಟ್ಟ ಮೋಟರ್. ನನಗೆ ಅದರ ಮೇಲೆ ತುಂಬ ಪ್ರೀತಿ. ಆದರೆ ಅದರ ಗೇರ್‌ಗಳಿಗೆ ಪಕ್ಕದಲ್ಲಿ ಮರೆಯಿಲ್ಲ. ಅಡಿಕೆ ಸಿಪ್ಪೆಯ ನಾರು, ಅಂಗಳದ ಕೆಂಪು ಧೂಳು ನೇರ ಹಲ್ಲಿಗೇ ಹೋಗುತ್ತವೆ. ಅದು ಮನೆಯೊಳಗಿನ ಯಂತ್ರಗಳಿಗಿರಲಿ. ಉಳಿದದ್ದು 37 ಮಿ.ಮೀ. ದುಂಡು ಗೇರ್ ಪೆಟ್ಟಿಗೆಯ, 6 ಮಿ.ಮೀ. ಶಾಫ್ಟಿನ 12 ವೋಲ್ಟ್ ಮೋಟರ್. ನನ್ನ ಆಯ್ಕೆ ಅದೇ.

ಅದರಲ್ಲೂ ಒಂದು ಆಸೆಯ ಬಲೆ ಇದೆ. ಅದೇ ಗಾತ್ರದಲ್ಲಿ 10 ಆರ್‌ಪಿಎಂ ಮೋಟರ್ ಇನ್ನೂ ಹಲವು ಪಟ್ಟು ಟಾರ್ಕಿನ ಭರವಸೆ ಕೊಡುತ್ತದೆ. ಲೆಕ್ಕದಲ್ಲಿ ಅದು ನಿಜ, ಆದರೆ ಗೇರಿನ ಹಲ್ಲುಗಳಿಗೆ ಆ ಲೆಕ್ಕ ಗೊತ್ತಿಲ್ಲ, ಅಷ್ಟು ಬಲವನ್ನು ಅವು ತಾಳವು. ರೋಬೋಟ್ ಬಿಡಿಭಾಗಗಳ ಪೊಲೊಲು ಕಂಪನಿ ತನ್ನ 37 ಮಿ.ಮೀ. ಗೇರ್ ಮೋಟರ್‌ಗಳಿಗೆ ಸತತ ಹೊರೆ 10 ಕೆ.ಜಿ.-ಸೆಂ.ಮೀ., ಕ್ಷಣಿಕ ಹೊರೆ 25 ಕೆ.ಜಿ.-ಸೆಂ.ಮೀ. ಒಳಗಿರಲಿ ಎನ್ನುತ್ತದೆ. ಅಗ್ಗದ ಮೋಟರ್‌ಗಳಿಗೂ ನಾನು ಅದೇ ಗೆರೆ ಎಳೆದುಕೊಂಡಿದ್ದೇನೆ. ನನ್ನ 4.5 ಮತ್ತು 18 ಎರಡೂ ಅದರೊಳಗಿವೆ.

ಮೋಟರ್ ಕೈಗೆ ಬಂದೊಡನೆ ಮಲ್ಟಿಮೀಟರಿನಲ್ಲಿ ಎರಡು ತುದಿಗಳ ನಡುವಿನ ರೋಧವನ್ನು ಅಳೆಯುತ್ತೇನೆ. ಶಾಫ್ಟನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ನೋಡಬೇಕು, ಬ್ರಷ್ ಕೂತ ಜಾಗಕ್ಕೆ ತಕ್ಕಂತೆ ಅಂಕಿ ಕುಣಿಯುತ್ತದೆ. ಕಂಡದ್ದರಲ್ಲಿ ಕಡಿಮೆಯದನ್ನು ಹಿಡಿಯಿರಿ. ನನಗೆ 8 ಓಮ್ ಬಂತು. 12ನ್ನು 8ರಿಂದ ಭಾಗಿಸಿದರೆ ಸ್ಟಾಲ್ ಕರೆಂಟ್ ಒಂದೂವರೆ ಆಂಪಿಯರ್. ಮೋಟರಿಗೆ ಕರೆಂಟ್ ಹರಿಸುವ ಡ್ರೈವರ್ ಬೋರ್ಡ್ ತಾಳಬೇಕಾದದ್ದು ಅಷ್ಟನ್ನು. ಎಲ್ಲರೂ ಬಳಸುವ ಎಲ್298 ತಾಳುತ್ತದೆ ನಿಜ, ಆದರೆ ತನ್ನೊಳಗೇ ಹೆಚ್ಚುಕಡಿಮೆ ಎರಡು ವೋಲ್ಟ್ ನುಂಗುತ್ತದೆ. ಹನ್ನೆರಡರಲ್ಲಿ ಎರಡು ಹೋದರೆ ವೇಗದ ಲೆಕ್ಕವೆಲ್ಲ ತಪ್ಪುತ್ತದೆ. ಅದಕ್ಕೇ ಮಾಸ್‌ಫೆಟ್ (ಅಷ್ಟು ವೋಲ್ಟ್ ನುಂಗದ ಎಲೆಕ್ಟ್ರಾನಿಕ್ ಸ್ವಿಚ್) ಇರುವ ಬಿಟಿಎಸ್7960 ಡ್ರೈವರ್ ಹಾಕಿದೆ. ಪ್ರತಿ ಮೋಟರಿನ ಎರಡು ತುದಿಗಳ ನಡುವೆ '104' ಎಂದು ಬರೆದಿರುವ ಸೆರಾಮಿಕ್ ಕೆಪಾಸಿಟರನ್ನು ಬೆಸುಗೆ ಹಾಕಿ. ಬ್ರಷ್ಷಿನ ಕಿಡಿಯಿಂದ, ಯಂತ್ರವನ್ನು ನಡೆಸುವ ಆರ್ಡುಯಿನೊ ಬೋರ್ಡ್ ತಾನಾಗಿ ರೀಸೆಟ್ ಆಗುವ ಕಾಟ ಬಹುಮಟ್ಟಿಗೆ ತಗ್ಗುತ್ತದೆ.

ಒಂದು ಮಿತಿಯನ್ನು ಯಾವ ಮೋಟರೂ ದಾಟಲಾರದು. ಚಕ್ರಕ್ಕೆ ನೆಲದ ಹಿಡಿತವಿಲ್ಲದಿದ್ದರೆ ಟಾರ್ಕ್ ವ್ಯರ್ಥ. ಸಗಣಿ ಸಾರಿಸಿದ ಅಂಗಳದಲ್ಲಿ ಹುಡಿ ಎದ್ದಾಗ ರಬ್ಬರ್ ಚಕ್ರವೂ ಜಾರುತ್ತದೆ. ಬ್ಯಾಟರಿಯನ್ನು ಎಳೆಯುವ ಚಕ್ರಗಳ ಮೇಲೆಯೇ ಕೂರಿಸಿದ್ದರಿಂದ ನನ್ನ ಯಂತ್ರ ಜಾರುವುದು ನಿಂತಿತು.

ಕರಾವಳಿಯವರು ತುಕ್ಕಿನ ಬಗ್ಗೆಯೂ ಯೋಚಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದಲ್ಲಿ ಯಂತ್ರಕ್ಕೆ ಕೆಲಸವಿಲ್ಲ, ಆದರೆ ಉಕ್ಕಿನ ಶಾಫ್ಟ್ ಆ ನಾಲ್ಕು ತಿಂಗಳಲ್ಲೇ ಹಾಳಾಗುವುದು. ಮಳೆಗಾಲಕ್ಕೆ ಮೊದಲು ಮೋಟರ್ ಬಿಚ್ಚಿ, ಶಾಫ್ಟಿಗೆ ತೆಳುವಾಗಿ ಲಿಥಿಯಂ ಗ್ರೀಸ್ ಸವರಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬದಲ್ಲಿಡುತ್ತೇನೆ. ಕಿರುಗುಟ್ಟಿದ್ದಕ್ಕೆಲ್ಲ ತೆಂಗಿನೆಣ್ಣೆ ಬಿಡುವ ರೂಢಿ ನಮ್ಮಲ್ಲಿದೆ, ಗೇರ್ ಪೆಟ್ಟಿಗೆಗೆ ಅದು ಬೇಡವೇ ಬೇಡ. ಬರಬರುತ್ತಾ ಅಂಟಾಗಿ ಧೂಳನ್ನು ಹಿಡಿದಿಡುತ್ತದೆ, ಬ್ರಷ್ಷಿನವರೆಗೂ ಇಳಿಯುತ್ತದೆ.

ತರಿಸುವಾಗ ಎರಡರ ಬದಲು ಮೂರು ಮೋಟರ್‌ಗಳನ್ನು ಒಟ್ಟಿಗೇ ತರಿಸಿಕೊಳ್ಳಿ. ಒಂದೇ ಹೆಸರು, ಒಂದೇ ಆರ್‌ಪಿಎಂ ಬರೆದಿದ್ದರೂ ಮುಂದಿನ ಸಲ ಬರುವ ಸರಕಿನ ಗೇರ್ ಅನುಪಾತ ಬೇರೆ ಇರಬಹುದು. ಎಡ, ಬಲ ಚಕ್ರಗಳು ಸಮ ಓಡದಿದ್ದರೆ ಯಂತ್ರ ಅಡಿಕೆಯ ಸಾಲನ್ನು ಬಿಟ್ಟು ತೋಟದತ್ತ ತಿರುಗುತ್ತದೆ.